ಮಾರ್ಚ್ ತಿಂಗಳ ಉಸಿರು

ಬಾಗಿಲಿಗೆ ನೀರು ಹಾಕಲೆಂದು ಚೊಂಬು ಎತ್ತಿದ ಗಿರಿಜಾಂಬಾ, ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿ, ಮನೆಯ ಮುಂದಿನ ಎರಡು ಮಾರು ಮಣ್ಣನ್ನು ಹೊಸಬರ ಮುಖ ನೋಡುವಂತೆ ನೋಡಿದಳು. ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಇದೇ ಮಣ್ಣಿಗೆ ನೀರು ಚಿಮುಕಿಸಿದ್ದಳು, ಏಳುವ ಆ ಹಸಿ ವಾಸನೆಯನ್ನು ಮೂಗಿಗೆ ಎಳೆದುಕೊಂಡಿದ್ದಳು, ಆದರೆ ಆ ವಾಸನೆಯ ಜೊತೆಗೆ ಇನ್ನೂ ಏನೋ ಎದ್ದು ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ನಿನ್ನೆ ಹೇಳಿದ್ದಳು ಅನನ್ಯ, ಸಂಶೋಧನಾ ಕೇಂದ್ರದ ಇಪ್ಪತ್ತನಾಲ್ಕು ವರ್ಷದ ಹುಡುಗಿ, ಬೆಟ್ಟದ ಹಿಂಬದಿಯ ಕುರುಚಲು ಕಾಡಿನಲ್ಲಿ ಮಂಡಿಯೂರಿ ಕೂತು, ಬಾಟಲಿಯ ನೀರಿನಿಂದ ಮುಖ ತೊಳೆಯುತ್ತಾ. ಆ ನೀರಿನಲ್ಲಿ ಅರ್ಧ ನೆಲಕ್ಕೆ ಬಿದ್ದಿತ್ತು. ಪಕ್ಕದಲ್ಲಿದ್ದ, ನೆಲ ಬಿಡುವ ಗಾಳಿ ಅಳೆಯುವ ಅವಳ ಯಂತ್ರದ ಅಂಕಿ ಒಂದು ಗಳಿಗೆ ತೂಕಡಿಸಿ ಆಮೇಲೆ ಏಣಿ ಹತ್ತುವವನ ಹಾಗೆ ಮೇಲೆ ಮೇಲೆ ಹೋಗಿತ್ತು. ಏನಾಯ್ತು ಎಂದು, ನಿನ್ನೆ ಮಾತ್ರ ನೆರವಿಗೆಂದು ಜೊತೆಗೆ ಹೋಗಿದ್ದ ಗಿರಿಜಾಂಬಾ ಕೇಳಿದ್ದಕ್ಕೆ ಹುಡುಗಿ ಟವೆಲ್‌ನಲ್ಲಿ ಮುಖ ಒರೆಸುತ್ತಾ, ಏನಿಲ್ಲ, ಒಣಗಿದ ನೆಲಕ್ಕೆ ನೀರು ಬಿದ್ದರೆ ಹಾಗೇನೇ, ಒಳಗೆ ಮಲಗಿರುವ ಸಣ್ಣ ಸಣ್ಣ ಜೀವಿಗಳೆಲ್ಲ ಒಟ್ಟಿಗೆ ಎದ್ದು ಉಸಿರಾಡುತ್ತವೆ, ಇನ್ನು ಈ ಜಾಗ ಇವತ್ತಿಗೆ ಕೆಲಸಕ್ಕೆ ಬರಲ್ಲ ಎಂದು ಯಂತ್ರವನ್ನು ಎತ್ತಿಕೊಂಡು ಹತ್ತು ಹೆಜ್ಜೆ ಆಚೆ ಹೋಗಿಬಿಟ್ಟಿದ್ದಳು. ಅವಳಿಗೆ ಅದು ಅಷ್ಟೇ ಮಾತು. ಗಿರಿಜಾಂಬಾಗೆ ನಿಂತ ನೆಲವೇ ಎರಡು ಬೆರಳು ಕೆಳಕ್ಕೆ ಇಳಿದ ಹಾಗಾಗಿತ್ತು.

ಒಳಗಿನಿಂದ ಗಂಡ ರುದ್ರಸ್ವಾಮಿ, ಹೆಬ್ಬಾಳದ ಕಾರ್ಖಾನೆಯ ಮೊದಲ ಪಾಳಿಗೆ ಬಸ್ಸು ಹಿಡಿಯಬೇಕಾದವನು, ಊಟದ ಡಬ್ಬಿ ಎಲ್ಲಿ ಎಂದು ಕೇಳುತ್ತಾ ಬಂದು, ಚೊಂಬು ಹಿಡಿದು ಕಂಬದಂತೆ ನಿಂತ ಹೆಂಡತಿಯನ್ನು ನೋಡಿ ನಕ್ಕ. ಬೆಟ್ಟ ಉಸಿರಾಡೋದನ್ನ ಅಳೆಯೋಕೆ ಹೋಗ್ತೀನಿ ಅಂತೀಯಲ್ಲ, ಮೊದಲು ಅದಕ್ಕೆ ಮೂಗು ಎಲ್ಲಿದೆ ತೋರಿಸು ಎನ್ನುವುದು ಅವನ ಎರಡು ವರ್ಷದ ಹಳೇ ತಮಾಷೆ. ಇವತ್ತೂ ಅದನ್ನೇ ಅಂದ. ಅವಳು ದಿನದಂತೆ ನಿಮ್ಮ ಮೂಗಿಗಿಂತ ಚಿಕ್ಕದು ಎನ್ನಲಿಲ್ಲ. ಬುತ್ತಿ ಕೊಟ್ಟಳು, ನೀರು ಹಾಕಿದಳು, ರಂಗೋಲಿಯ ಎಳೆ ಎಳೆದಳು. ಎಳೆ ಒಂದು ಕಡೆ ಕೂಡಲಿಲ್ಲ. ಅದನ್ನು ಹಾಗೇ ಬಿಟ್ಟು ಹಣೆಗೆ ವಿಭೂತಿ ಇಟ್ಟುಕೊಂಡು ಹೊರಟಳು.

ಕೆಲಸವೇನೋ ಕಷ್ಟದ್ದಲ್ಲ. ಬೆಟ್ಟದ ಹಿಂದಿನ ತಪ್ಪಲಿನಲ್ಲಿ, ತುಗ್ಗಲಿ ಮರ, ದಿಂಡಿಗ, ಜಾಲಿ, ಲಂಟಾನದ ನಡುವೆ, ತಳ ಮೇಲಾಗಿ ಬೋರಲು ಹಾಕಿದ ಹನ್ನೆರಡು ತಗಡಿನ ಡಬ್ಬಗಳಿದ್ದವು. ಒಂದೊಂದರ ಕೆಳಗೂ ಒಂದು ಗಾಜಿನ ಬಟ್ಟಲು, ಬಟ್ಟಲಲ್ಲಿ ಕಾಸ್ಟಿಕ್ ಸೋಡಾ ಕರಗಿಸಿದ ನೀರು. ನೆಲ ಬಿಟ್ಟ ಇಂಗಾಲದ ಗಾಳಿಯನ್ನು ಆ ನೀರು ಒಂದು ಹಗಲು ಒಂದು ರಾತ್ರಿ ಕುಡಿಯುತ್ತಾ ಕೂರುತ್ತದೆ. ಬೆಳಿಗ್ಗೆ ಆರೂವರೆಗೆ ಹೋಗಿ ಕುಡಿದ ಬಟ್ಟಲು ಮುಚ್ಚಿ ತೆಗೆದುಕೊಂಡು, ಹೊಸದು ಇಟ್ಟು, ಬಸ್ಸು ಹಿಡಿದು ಸಂಶೋಧನಾ ಕೇಂದ್ರಕ್ಕೆ ಬರಬೇಕು. ಅಲ್ಲಿ ಬಟ್ಟಲ ನೀರಿಗೆ ಎರಡು ಹನಿ ಬಣ್ಣ ಹಾಕಿದರೆ ಮದುವಣಗಿತ್ತಿಯ ಕೆನ್ನೆಯ ಹಾಗೆ ಕೆಂಪಾಗುತ್ತದೆ. ಬ್ಯುರೆಟ್ಟು ಎನ್ನುವ ಗೆರೆ ಹಾಕಿದ ಗಾಜಿನ ಕೊಳವೆಯಿಂದ ಹನಿ ಹನಿ ಆಮ್ಲ ಬಿಡುತ್ತಾ ಹೋದರೆ ಯಾವುದೋ ಒಂದು ಹನಿಗೆ ಆ ಕೆಂಪು ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಎಷ್ಟು ಆಮ್ಲ ಹಿಡಿಯಿತು ಎನ್ನುವುದನ್ನು ಬರೆದಿಡಬೇಕು. ಕಡಿಮೆ ಹಿಡಿದಷ್ಟೂ ನೆಲ ಹೆಚ್ಚು ಉಸಿರು ಬಿಟ್ಟಿದೆ ಎಂದು ಅರ್ಥ. ಎಲೆಗಳು ಹಗಲೆಲ್ಲ ಒಳಗೆಳೆದುಕೊಂಡದ್ದು ಎಷ್ಟು, ನೆಲ ವಾಪಸು ಬಿಟ್ಟದ್ದು ಎಷ್ಟು, ನಮ್ಮ ಸೀಮೆಯ ಒಣ ಕಾಡುಗಳು ಗಾಳಿಗೆ ಕೊಡುವುದು ಹೆಚ್ಚೋ ಪಡೆಯುವುದು ಹೆಚ್ಚೋ, ಇದು ಕೇಂದ್ರದ ವಿಜ್ಞಾನಿ ದೊರೆಸ್ವಾಮಿ ಸಾರ್ ಅವರ ಇಪ್ಪತ್ತು ವರ್ಷದ ಪ್ರಶ್ನೆ. ಕೆಂಪು ಕಳೆಯುವ ಆ ಒಂದು ಹನಿಯನ್ನು ಹಿಡಿಯುವುದರಲ್ಲಿ ಗಿರಿಜಾಂಬಾಳ ಸಮ ಇಡೀ ಕೇಂದ್ರದಲ್ಲಿ ಇಲ್ಲ ಎಂದು ಅವರು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಅವಳು ಬೇರೆ ಕಡೆ ನೋಡುತ್ತಾ ಗಾಜು ಒರೆಸುತ್ತಿದ್ದಳು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

ಮೊದಲ ದಿನ ಸಾರ್ ತಾವೇ ಬಂದು ತೋರಿಸಿಕೊಟ್ಟಿದ್ದರು. ಅದೂ ಬೇಸಿಗೆಯೇ. ಮಣ್ಣು ಪುಡಿಪುಡಿ, ಡಬ್ಬದ ಅಂಚು ಕೂರಿಸಿದರೆ ಕೆಂಧೂಳು ಎದ್ದು ಬಟ್ಟಲಿಗೆ ಬೀಳುವಂತಿತ್ತು. ಸಾರ್ ಅತ್ತ ತಿರುಗಿ ಜೀಪಿನ ಕಡೆ ನಡೆದರು. ಅವಳ ಕೈ ತಾನೇ ತಾನಾಗಿ, ಬಟ್ಟಲು ತೊಳೆಯಲು ತಂದ ಕ್ಯಾನಿನಿಂದ ಒಂದು ಚೊಂಬು ನೀರು ಹಿಡಿದು ನೆಲಕ್ಕೆ ಚಿಮುಕಿಸಿತು. ಧೂಳು ಕೂತಿತು, ಡಬ್ಬ ಮೆತ್ತಗೆ ಕೂತಿತು, ಅವಳಿಗೂ ಸಮಾಧಾನವಾಯಿತು. ನೀರು ಕಾಣದ ನೆಲದ ಮೇಲೆ ಪಾತ್ರೆ ಇಡುವುದೆಂದರೆ ಅವಳಿಗೆ, ಬಂದವರಿಗೆ ಒರೆಸದ ಮಣೆ ಹಾಕಿದಂತೆ. ದೇವರಾಜ ಮೊಹಲ್ಲಾದಲ್ಲಿ ಅಪ್ಪ ವೃಷಭೇಂದ್ರಪ್ಪನವರ ವಿಭೂತಿ, ಊದುಬತ್ತಿಯ ಅಂಗಡಿ ಬಾಗಿಲು ತೆರೆಯುವುದಕ್ಕೆ ಮೊದಲು ನೀರು ಹಾಕುವುದು ಐದನೇ ವಯಸ್ಸಿನಿಂದ ಅವಳ ಪಾಲಿನ ಕೆಲಸ. ಕಡಿಮೆ ಹಾಕಿದರೆ ಧೂಳು, ಹೆಚ್ಚು ಹಾಕಿದರೆ ಗಿರಾಕಿಯ ಕಾಲಿಗೆ ಕೆಸರು. ಎರಡಕ್ಕೂ ತಲೆಯ ಮೇಲೆ ಮೊಟಕು ಬೀಳುತ್ತಿತ್ತು, ಹಾಗಾಗಿ ಕೈ ಪಾಠ ಕಲಿತಿತ್ತು. ಕಾಡಿನಲ್ಲೂ ಮಳೆಗಾಲ ಬಂದಾಗ ಹಾಕುತ್ತಿರಲಿಲ್ಲ, ಬೇಸಿಗೆಯಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಒಂದು ಯುಗಾದಿಯ ದಿನ ಏಳನೇ ಡಬ್ಬದ ಪಕ್ಕ ನಾಲ್ಕು ಚುಕ್ಕಿ ಇಟ್ಟು ರಂಗೋಲಿಯನ್ನೂ ಎಳೆದು, ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂದು ಕಾಲಲ್ಲಿ ಉಜ್ಜಿಬಿಟ್ಟಿದ್ದಳು. ರಂಗೋಲಿಗೆ ನಾಚಿಕೆಯಾಗಿತ್ತು. ನೀರಿಗೆ ಆಗಿರಲಿಲ್ಲ, ಅದು ಹೇಳಬೇಕಾದ ಸಂಗತಿ ಎಂದೇ ಹೊಳೆದಿರಲಿಲ್ಲ. ಬಟ್ಟಲು ಇಡುವ ಮೊದಲು ಉಸಿರೆಳೆದುಕೊಂಡೆ ಎಂದು ಯಾರಾದರೂ ವರದಿ ಬರೆಯುತ್ತಾರೆಯೇ?

ಇಂಥ ಎರಡು ಬೇಸಿಗೆಯ ಲೆಕ್ಕ ನೋಡಿ ಸಾರ್ ಕುಣಿದಾಡಿದ್ದರು. ಎಲೆ ಉದುರಿಸಿ ಮಲಗಬೇಕಾದ ಕಾಡು ಮಾರ್ಚ್ ತಿಂಗಳಲ್ಲಿ ಇಷ್ಟು ಉಸಿರಾಡುತ್ತಿದೆ, ಇದನ್ನು ಯಾರೂ ಕಂಡಿಲ್ಲ ಎಂದು ಪುಣೆಯ ಸಮ್ಮೇಳನಕ್ಕೆ ಬರೆದು ಕಳಿಸಿದ್ದರು. ಅದರ ಅಚ್ಚಾದ ಹಾಳೆಯ ತಲೆಯಲ್ಲಿ ಎರಡು ಹೆಸರು. ಮೊದಲನೆಯದು ಅವರದು, ಎರಡನೆಯದು ಕೆ. ಗಿರಿಜಾಂಬಾ. ಡಿಗ್ರಿ ಇಲ್ಲದವರ ಹೆಸರು ಹಾಕುವುದುಂಟೇ ಎಂದು ಯಾರೋ ಗೊಣಗಿದರಂತೆ, ಅಳೆದವರು ಅವರು, ಹೆಸರು ಅವರದಿಲ್ಲದೆ ನಿಮ್ಮದು ಹಾಕಲೇ ಎಂದು ಸಾರ್ ಬಾಯಿ ಮುಚ್ಚಿಸಿದರಂತೆ. ಮೂವತ್ತೇಳನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಮುಗಿಸಿದ ಅವಳು ಆ ಹಾಳೆಯನ್ನು ದೇವರ ಗೂಡಿನಲ್ಲಿ, ಅಪ್ಪ ಇಷ್ಟಲಿಂಗ ಇಡುತ್ತಿದ್ದ ಕರಡಿಗೆಯ ಪಕ್ಕ ಮಡಿಸಿಟ್ಟಿದ್ದಳು.

ಆಮೇಲೆ ಅನನ್ಯ ಬಂದಳು, ಯಂತ್ರ ಬಂತು. ಯಂತ್ರಕ್ಕೆ ಬಟ್ಟಲು ಬೇಡ, ಬಣ್ಣ ಬೇಡ, ನೆಲದ ಮೇಲಿಟ್ಟರೆ ಎರಡು ನಿಮಿಷದಲ್ಲಿ ಅಂಕಿ ಹೇಳುತ್ತದೆ. ಮಳೆಗಾಲವೆಲ್ಲ ಡಬ್ಬದ ಲೆಕ್ಕ, ಯಂತ್ರದ ಲೆಕ್ಕ ಅಕ್ಕತಂಗಿಯರಂತೆ ಜೊತೆಗೇ ನಡೆದವು. ಜನವರಿ ಕಳೆದ ಮೇಲೆ ಬೇರೆಯಾದವು. ಹನ್ನೊಂದು ಗಂಟೆಗೆ ಬರುವ ಹುಡುಗಿ ಡಬ್ಬಗಳ ನಡುವಿನ ಒಣ ನೆಲದಲ್ಲಿ ಅಳೆದರೆ ಕಾಡು ಸತ್ತಂತೆ ಮಲಗಿರುತ್ತಿತ್ತು. ಗಿರಿಜಾಂಬಾಳ ಬಟ್ಟಲುಗಳಲ್ಲಿ ಬುಸುಗುಡುತ್ತಿತ್ತು. ಯಂತ್ರ ಬಿಸಿಲು ತಡೆಯುವುದಿಲ್ಲ ಎಂದರು ಸಾರ್. ತಡೆಯುತ್ತದೆ ಎಂದಳು ಹುಡುಗಿ. ಹಾಗಾದರೆ ನಿನ್ನ ಕೈ ಸರಿಯಿಲ್ಲ ಎಂದರು. ಇವತ್ತು ಮೂರು ಗಂಟೆಗೆ ಅವಳ ವರ್ಷದ ವರದಿಗೆ ಸಹಿ ಹಾಕುತ್ತಾರೆ. ಅದರಲ್ಲಿ, ಈಕೆಯ ಅಳತೆ ನಂಬುವಂತಿಲ್ಲ, ಫೆಲೋಶಿಪ್ ಮುಂದುವರಿಸುವ ಅಗತ್ಯವಿಲ್ಲ ಎಂದಿದೆ. ಟೈಪು ಮಾಡಿದ ಗುಮಾಸ್ತ ಚಿಕ್ಕಣ್ಣ ಇಡೀ ಕಟ್ಟಡಕ್ಕೆ ಹೇಳಿಕೊಂಡು ಬಂದಿದ್ದ.

ಇವತ್ತು ಮೊದಲನೇ ಡಬ್ಬದ ಬಳಿ ಗಿರಿಜಾಂಬಾ ಚೊಂಬು ಹಿಡಿದು ನಿಂತಾಗ ಬಿಸಿಲು ಇನ್ನೂ ತುಗ್ಗಲಿ ಮರದ ಬೆನ್ನ ಹಿಂದಿತ್ತು. ಮಲಗಿದ್ದವರ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿ, ನೋಡಿ ಇವರಿಗೆ ನಿದ್ದೆಯೇ ಇಲ್ಲ ಎಂದು ಎರಡು ವರ್ಷ ಬರೆದಿದ್ದೇನೆ ಎನಿಸಿ, ನಗೆ ಬಂತು. ನೀರು ಹಾಕದಿದ್ದರೆ ನಾಳೆ ಲೆಕ್ಕ ಧಡಕ್ಕನೆ ಬೀಳುತ್ತದೆ, ಸಾರ್ ಯಾಕೆಂದು ಕೇಳುತ್ತಾರೆ. ಹಾಕಿದರೆ ನಿನ್ನೆವರೆಗೂ ತಿಳಿಯದೆ ಆದದ್ದಕ್ಕೆ ಇವತ್ತಿನಿಂದ ಬೇರೆ ಹೆಸರಿಡಬೇಕಾಗುತ್ತದೆ. ಒಂದು ಗಿಣಿಯ ಹಿಂಡು ಕಿರುಚುತ್ತಾ ಹೋಯಿತು. ಬೆಟ್ಟದ ಆ ಕಡೆ ಯಾರೋ ಮೆಟ್ಟಿಲು ಹತ್ತುವವರ ಕೂಗು ಕೇಳಿತು. ಅವಳು ನೀರು ಹಾಕಿದಳು. ಹನ್ನೆರಡಕ್ಕೂ ಹಾಕಿದಳು, ಬೇಗ ಬೇಗ, ಕದ್ದವಳ ಹಾಗೆ, ಮೊದಲ ಸಲ ಸೀರೆಯ ನೆರಿಗೆಯ ಮೇಲೆಲ್ಲ ಚೆಲ್ಲಿಕೊಂಡು.

ಬಸ್ಸಿನಲ್ಲಿ ಸೀಟು ಸಿಕ್ಕಿತು, ಬಟ್ಟಲುಗಳ ಪೆಟ್ಟಿಗೆ ತೊಡೆಯ ಮೇಲೆ. ಮಾರ್ಕೆಟ್ಟಿನ ಬಳಿ ಹೂವಿನ ಬುಟ್ಟಿಯೊಂದು ಹತ್ತಿದಾಗ ಅವಳು ಮುಖ ಕಿಟಕಿಯ ಕಡೆ ತಿರುಗಿಸಿದಳು. ಬುಟ್ಟಿ ಹೊತ್ತವಳು ಯಾರೋ, ಚಲುವಮ್ಮ ಅಲ್ಲ, ಆದರೂ ಕತ್ತು ತಾನೇ ತಿರುಗಿತು. ಸಂಜೆಯ ಶಾಲೆಯಲ್ಲಿ ಒಂದೇ ಬೆಂಚು ಅವರದು. ಚಲುವಮ್ಮ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಮೊಳ ಹಾಕಿ, ಬೆರಳಲ್ಲಿ ಬಾಳೆನಾರಿನ ಕಲೆ ಇಟ್ಟುಕೊಂಡೇ ಬರುತ್ತಿದ್ದಳು, ಶೇಕಡಾ ಲೆಕ್ಕ ಅವಳಿಗೆ ನೀರು ಕುಡಿದ ಹಾಗೆ. ಒಂದು ಪರೀಕ್ಷೆಯಲ್ಲಿ ಗಿರಿಜಾಂಬಾ ಕಣ್ಣು ಅತ್ತ ಹಾಯಿಸಿ ಬರೆದುಕೊಂಡಳು. ಆ ಒಂದು ಲೆಕ್ಕ ಮಾತ್ರ ಚಲುವಮ್ಮನದೂ ತಪ್ಪಾಗಿತ್ತು, ಇಬ್ಬರದೂ ಒಂದೇ ತಪ್ಪು. ಮೇಷ್ಟ್ರು ಇಬ್ಬರ ಸೀರೆಯನ್ನೂ ನೋಡಿದರು, ನಕಲು ಮಾಡಿದವಳು ಅವಳೇ ಎಂದು ಚಲುವಮ್ಮನ ಹಾಳೆಗೆ ಸೊನ್ನೆ ಸುತ್ತಿದರು. ಹೋಗ್ಲಿ ಬುಡಿ ಸಾ ಎಂದು ಅವಳು ನಕ್ಕಳು. ಎರಡು ವಾರದ ಮೇಲೆ ಬರುವುದು ನಿಲ್ಲಿಸಿದಳು. ಅದಕ್ಕೇ ನಿಲ್ಲಿಸಿದಳೋ, ಮನೆಯಲ್ಲೇನಾದರೂ ಆಗಿತ್ತೋ, ಕೇಳಬಹುದಿತ್ತು. ಕೇಳುವ ಬದಲು ಗಿರಿಜಾಂಬಾ ಹದಿನಾಲ್ಕು ವರ್ಷದಿಂದ ಮಾರ್ಕೆಟ್ಟಿಗೆ ಇನ್ನೊಂದು ಬಾಗಿಲಿನಿಂದ ಹೋಗುತ್ತಿದ್ದಾಳೆ, ಅಲ್ಲಿ ಹೂವಿಗೆ ಎಂಟಾಣೆ ಹೆಚ್ಚು. ಕಂಡಕ್ಟರು ಪೆಟ್ಟಿಗೆಗೆ ಲಗೇಜು ಆಗುತ್ತದೆ ಎಂದ. ಇದರಲ್ಲಿ ಬರೀ ಗಾಳಿ ಇದೆ ಎಂದು ದಿನಾ ಅವನ ಜೊತೆ ಜಗಳವಾಡುವವಳು ಇವತ್ತು ತೆಪ್ಪಗೆ ದುಡ್ಡು ಕೊಟ್ಟದ್ದು ನೋಡಿ ಅವನೇ ಪೆಚ್ಚಾದ.

ಮಧ್ಯಾಹ್ನ ಅನನ್ಯ ಪ್ರಯೋಗಾಲಯಕ್ಕೆ ಬಂದು, ಎತ್ತರದ ಸ್ಟೂಲಿನ ಮೇಲೆ ಕಾಲು ಆಡಿಸುತ್ತಾ ಕೂತು, ತನ್ನ ಚಿತ್ರಾನ್ನದಲ್ಲಿ ಅರ್ಧ ಇವಳ ಡಬ್ಬಿಗೆ ಬಡಿಸಿದಳು. ಕಣ್ಣು ಊದಿತ್ತು, ಬಾಯಿ ಮಾತ್ರ ಎಂದಿನಂತೆ ನಡೆಯುತ್ತಿತ್ತು. ಊರಿಗೆ ಹೋಗಿ ಟ್ಯೂಷನ್ ಮಾಡುತ್ತಾಳಂತೆ. ಅಮ್ಮನಿಗೆ ಇನ್ನೂ ಹೇಳಿಲ್ಲವಂತೆ, ಹೇಳಿದರೆ ಗಂಡು ಹುಡುಕಲು ಶುರು ಮಾಡುತ್ತಾರಂತೆ, ಜಾತಕ ಆಗಲೇ ಎರಡು ಊರು ಸುತ್ತಿದೆಯಂತೆ. ಗಿರಿಜಾಂಬಾ ಬ್ಯುರೆಟ್ಟಿನ ಮೇಲಿಂದ ಕಣ್ಣು ಎತ್ತಲಿಲ್ಲ. ಎಂಟನೇ ಬಟ್ಟಲಿನ ಕೆಂಪು ಕಳೆದದ್ದು ಗಮನಕ್ಕೆ ಬರದೆ ಮೂರು ಹನಿ ಹೆಚ್ಚು ಬಿದ್ದು ಹೋಯಿತು.

“ಕಾಡಿಗೆ ನಿಮ್ಮನ್ನ ಕಂಡ್ರೆ ಪ್ರೀತಿ ಕಣ್ರೀ ಗಿರಿಜಮ್ಮ,” ಎಂದಳು ಹುಡುಗಿ ಹಪ್ಪಳ ಮುರಿಯುತ್ತಾ. “ನಿಮ್ಮ ಮುಂದೆ ಉಸಿರಾಡುತ್ತೆ. ನಾನು ಹೋದ್ರೆ ಉಸಿರು ಬಿಗಿ ಹಿಡ್ಕೊಂಡು ಕೂತ್ಬಿಡುತ್ತೆ.”

ಅದು ಚುಚ್ಚು ಮಾತಲ್ಲ. ಚುಚ್ಚಿದ್ದರೆ ಸುಲಭವಿತ್ತು, ತಿರುಗಿಸಿ ಒಂದು ಮಾತು ಅಂದುಬಿಡಬಹುದಿತ್ತು. ಗಿರಿಜಾಂಬಾ ಸಾಸಿವೆ, ಕಡಲೆಬೇಳೆ ಬೇರೆ ಬೇರೆಯಾಗಿ ಅಗಿಯುತ್ತಾ ಲೆಕ್ಕ ಹಾಕಿದಳು. ಹುಡುಗಿಗೆ ಇಪ್ಪತ್ತನಾಲ್ಕು, ಇನ್ನೊಂದು ಕಡೆ ಸಿಕ್ಕೇ ಸಿಗುತ್ತದೆ. ತನಗೆ ನಲವತ್ತೊಂಬತ್ತು, ಅಚ್ಚಿನಲ್ಲಿ ಹೆಸರು ಇನ್ನೊಂದು ಸಲ ಬರುವುದಿಲ್ಲ. ಹಾಗೆ ನೋಡಿದರೆ ತಪ್ಪು ಯಾರದು, ಎರಡು ವರ್ಷದಲ್ಲಿ ಒಂದು ಬೆಳಿಗ್ಗೆಯಾದರೂ ಸಾರ್ ಬಂದು ನೋಡಿದ್ದರೇ? ಲೆಕ್ಕವೇನೋ ಸರಿಯಾಗಿಯೇ ಕೂಡಿಬಂತು. ಆದರೆ ಹುಡುಗಿ ಕೈ ತೊಳೆಯಲು ಹೋದವಳು ಹಿಂದಿರುಗಿ, ಇವಳ ಡಬ್ಬಿಯನ್ನೂ ತೊಳೆದು, ಒರೆಸಿ, ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ಇಟ್ಟು, ನೀವು ಪುಣೆಗೆ ಹೋಗುವಾಗ ಆ ನೀಲಿ ಇಳಕಲ್ ಸೀರೆ ಉಡಿ, ಚೆನ್ನಾಗಿ ಕಾಣುತ್ತೀರಿ ಎಂದಳು.

ಮೂರಕ್ಕೆ ಸಾರ್ ಹುಡುಗಿಯನ್ನು ಕರೆಸಿದರು. ಗಿರಿಜಾಂಬಾಳನ್ನು ಕರೆದಿರಲಿಲ್ಲ. ಅವಳು ಹುಡುಗಿಯ ಹಿಂದೆಯೇ ಒಳಗೆ ಬಂದು, ಕುರ್ಚಿ ಇದ್ದರೂ ಕೂರದೆ ಬೀರುವಿನ ಪಕ್ಕ ನಿಂತಳು. ಸಾರ್ ಪೆನ್ನಿನ ಟೋಪಿ ತೆಗೆದರು. ಅವರಿಗೂ ಇದು ಇಷ್ಟದ ಕೆಲಸವಲ್ಲ ಎಂದು ಆ ಟೋಪಿಯನ್ನು ಎರಡು ಸಲ ಹಾಕಿ ತೆಗೆದದ್ದರಲ್ಲೇ ಗೊತ್ತಾಗುತ್ತಿತ್ತು. ನೋಡಮ್ಮ, ನನಗೆ ನಿನ್ನ ಮೇಲೆ ಬೇಸರವಿಲ್ಲ, ಆದರೆ ಎರಡು ಲೆಕ್ಕದಲ್ಲಿ ಒಂದು ಸುಳ್ಳಿರಲೇಬೇಕು ಎಂದು ಅವರು ಶುರು ಮಾಡಿದರು.

“ಸುಳ್ಳು ನಂದು ಸಾರ್,” ಎಂದಳು ಗಿರಿಜಾಂಬಾ.

ದನಿ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು, ಹೊರಗೆ ಚಿಕ್ಕಣ್ಣನ ಟೈಪು ನಿಂತಿತು. ಆಮೇಲಿನದನ್ನೆಲ್ಲ ಅವಳು ಬೀರುವಿನ ಹಿಡಿಕೆಯನ್ನು ನೋಡುತ್ತಾ ಹೇಳಿದಳು. ಮೊದಲ ದಿನದ ಧೂಳು, ಒಂದು ಡಬ್ಬಕ್ಕೆ ಒಂದು ಚೊಂಬು, ಎರಡು ಬೇಸಿಗೆ ಮತ್ತು ಈ ಬೇಸಿಗೆ ಇವತ್ತಿನವರೆಗೆ. ಹುಡುಗಿ ಮುಖ ತೊಳೆದದ್ದು, ಅಂಕಿ ಏಣಿ ಹತ್ತಿದ್ದು. ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಅದಿಲ್ಲದ ಅವರ ಕಣ್ಣು ಸಣ್ಣ ಮಕ್ಕಳ ಕಣ್ಣಿನಂತಿತ್ತು. ಯಾಕೆ ಹಾಕಿದಿರಿ ಎಂದು ಕೇಳಿದರು, ಗದರಿಸಲಿಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದರು. ಒಣ ನೆಲದ ಮೇಲೆ ಹೇಗೆ ಇಡುವುದು ಸಾರ್ ಎಂದಳು ಅವಳು.

“ಇವತ್ತೂ ಹಾಕಿದ್ರಾ?”

“ಇವತ್ತೂ ಹಾಕ್ದೆ. ನಿನ್ನೆವರೆಗೂ ಗೊತ್ತಿಲ್ದೆ. ಇವತ್ತು ಗೊತ್ತಿದ್ದೂ ಹಾಕ್ಬುಟ್ಟೆ ಸಾರ್.”

ಫ್ಯಾನು ಒಂದು ಸುತ್ತಿಗೊಮ್ಮೆ ಟಕ್ ಎನ್ನುತ್ತಿತ್ತು. ಸಾರ್ ಹುಡುಗಿಯ ವರದಿಯನ್ನು ಅಡ್ಡಕ್ಕೆ ಹರಿದರು, ಮತ್ತೆ ಉದ್ದಕ್ಕೆ ಹರಿದರು, ಚೂರುಗಳನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು. ನಾನು ಒಂದು ದಿನವಾದರೂ ಬಂದು ನೋಡಬೇಕಿತ್ತು ಎಂದರು, ಆರೂವರೆಗೆ ಏಳುವುದೇ ಇಲ್ಲ ನಾನು ಎಂದು ಗೋಡೆಗೆ ಹೇಳಿದರು. ಮಧ್ಯಾಹ್ನ ಅವಳು ಮನಸ್ಸಿನಲ್ಲಿ ಹೊರಿಸಿದ್ದ ಆಪಾದನೆಯನ್ನು ಅವರೇ ಎತ್ತಿಕೊಂಡದ್ದರಿಂದ ಅದು ಅವಳ ಕೈಯಲ್ಲಿ ಉಳಿಯಲಿಲ್ಲ, ಸ್ವಲ್ಪ ನಷ್ಟವಾದಂತೆ ಅನಿಸಿತು. ಅನನ್ಯ ಥ್ಯಾಂಕ್ಸ್ ಎನ್ನಬಹುದು, ಅಥವಾ ಮೂರು ತಿಂಗಳು ನನ್ನನ್ನು ಅಳಿಸಿದಿರಲ್ಲ ಎನ್ನಬಹುದು ಎಂದು ಗಿರಿಜಾಂಬಾ ಎರಡಕ್ಕೂ ತಯಾರಾಗಿ ನಿಂತಿದ್ದಳು. ಹುಡುಗಿ ಎದ್ದು ತನ್ನ ಕುರ್ಚಿಯನ್ನು ಅವಳ ಕಡೆ ಸರಿಸಿ, ತಾನು ಕಂಪ್ಯೂಟರಿನ ಮುಂದೆ ಹೋಗಿ ಕೂತಳು, ಯಾಕೆಂದರೆ ಅಷ್ಟರಲ್ಲಿ ಸಾರ್ ಪುಣೆಗೆ ಕಾಗದ ಬರೆಯಬೇಕು, ಇವತ್ತೇ ಹೋಗಬೇಕು ಎಂದಿದ್ದರು.

ಗಿರಿಜಾಂಬಾ ಕೂತಳು. ಸಾರ್ ಓಡಾಡುತ್ತಾ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು, ಹುಡುಗಿಯ ಬೆರಳು ಟಪಟಪ ಓಡಿತು. ಪೂರ್ತಿ ಅರ್ಥವಾಗದಿದ್ದರೂ ನಡುನಡುವೆ ಗೊತ್ತಿರುವ ಮಾತುಗಳು ಬಸ್ಸಿನ ಕಿಟಕಿಯಲ್ಲಿ ಪರಿಚಯದ ಅಂಗಡಿಗಳು ಹಾದಂತೆ ಹಾದುಹೋದವು. ಬೇಸಿಗೆ ಎಂದರು, ಡಬ್ಬ ಎಂದರು, ವಿಷಾದ ಎಂದರು. ಫೀಲ್ಡ್ ಅಸಿಸ್ಟೆಂಟ್ ಎಂದರು. ಆರು ತಿಂಗಳಿಗೊಮ್ಮೆ ಬರುವ ಅವಳ ನೇಮಕದ ಆರ್ಡರಿನಲ್ಲಿ ಇರುವ ಮಾತು ಅದು, ಅದು ಬಂದಾಗ ಕಿವಿ ನಿಮಿರಿತು. ಏನು ಬರೆಸುತ್ತಿದ್ದೀರಿ ಎಂದು ಕೇಳಿದಳು. ಸಹಾಯಕರೊಬ್ಬರ ಅಚಾತುರ್ಯದಿಂದ ಬೇಸಿಗೆಯ ಅಳತೆ ಕೆಟ್ಟಿದೆ, ಪ್ರಬಂಧ ವಾಪಸು ಪಡೆಯುತ್ತಿದ್ದೇವೆ ಅಂತ ಎಂದು ಅನನ್ಯ ತಿರುಗದೆಯೇ ಹೇಳಿದಳು.

“ಅಲ್ಲಿ ನನ್ನ ಹೆಸ್ರು ಹಾಕಿ ಸಾರ್.”

ಸಾರ್ ನಿಂತರು. ಬೇಡ, ಪುಣೆಯವರಿಗೆಲ್ಲ ಯಾಕೆ ಗೊತ್ತಾಗಬೇಕು, ನಿಮ್ಮ ಮರ್ಯಾದೆಗೇ ಅಂತ ತಾನೇ ಹಾಗೆ ಬರೆಸಿದ್ದು ಎಂದರು. ಅವರ ಮುಖದಲ್ಲಿ ನಿಜವಾದ ಕರುಣೆ ಇತ್ತು. ಅದನ್ನು ನೋಡಿಯೇ ಅವಳಿಗೆ ಕುರ್ಚಿಯಿಂದ ಏಳಬೇಕೆನಿಸಿತು, ಎದ್ದಳು.

“ಅವರ ಹತ್ರ ನನ್ನ ಹೆಸರು ಆಗ್ಲೇ ಇದೆ ಅಲ್ವಾ ಸಾರ್. ಲೆಕ್ಕ ಚೆನ್ನಾಗಿದ್ದಾಗ ಗಿರಿಜಾಂಬಾ, ಕೆಟ್ಟಾಗ ಯಾರೋ ಸಹಾಯಕರು ಅಂದ್ರೆ, ನಿಮ್ಮತ್ರ ಡಬ್ಬಕ್ಕೊಬ್ರಂತೆ ಹನ್ನೆರಡು ಜನ ಇದಾರೆ ಅಂದ್ಕೊತಾರೆ.”

ಅನನ್ಯಳ ಭುಜ ಅಲುಗಿತು, ನಗುತ್ತಿದ್ದಳೋ ಏನೋ ಹಿಂದಿನಿಂದ ತಿಳಿಯುವಂತಿರಲಿಲ್ಲ. ಸಾರ್ ಆಗಲಿ ಎಂದು ಹುಡುಗಿಗೆ ತಲೆಯಾಡಿಸಿದರು. ಗಿರಿಜಾಂಬಾ ಕಂಪ್ಯೂಟರಿನ ಹಿಂದೆ ಬಂದು ಬಗ್ಗಿದಳು. ನೀಲಿ ಪರದೆಯ ಮೇಲೆ ಫೀಲ್ಡ್ ಅಸಿಸ್ಟೆಂಟ್ ಎನ್ನುವುದು ಒಂದೊಂದೇ ಅಕ್ಷರವಾಗಿ ಹಿಂದಕ್ಕೆ ಅಳಿಸಿ ಹೋಗಿ, ಅದೇ ಜಾಗದಲ್ಲಿ ಕೆ ಬಂತು, ಚುಕ್ಕಿ ಬಂತು, ಆಮೇಲೆ ಪೂರ್ತಿ ಹೆಸರು ಬಂದು ಕೂತಿತು. ಮುಂದೆ ಏನಿದೆ ಓದಿ ಹೇಳಮ್ಮ ಎಂದಳು. ಹುಡುಗಿ ಬೆರಳಿಟ್ಟು ಕನ್ನಡದಲ್ಲಿ ಹೇಳಿದಳು, ಕೆ. ಗಿರಿಜಾಂಬಾ ಅವರು ಡಬ್ಬಗಳ ಬಳಿ ದಿನವೂ ನೀರು ಚೆಲ್ಲಿದ್ದರಿಂದ ಅಂತ.

“ಚೆಲ್ಲಿದ್ದು ಅಂತ ಬೇಡ ಕಣಮ್ಮ,” ಎಂದಳು ಗಿರಿಜಾಂಬಾ. “ಚೆಲ್ಲಲಿಲ್ಲ ನಾನು. ಹಾಕ್ದೆ.”